ಗೀಸರಿಗೊಂದು ನೀರು ತುಂಬುವ ಹಬ್ಬ

ಆರಿಸುವ ವಿಷಯದಲ್ಲಿ ನನ್ನ ಕೈಗೆ ನಮ್ಮ ಬಂಧುಬಳಗದಲ್ಲಿ ಒಂದು ಹೆಸರಿದೆ. ನಾನು ಬದನೆಕಾಯಿ ಆರಿಸಿದರೆ ಒಳಗೆ ಹುಳು ಇರುವುದಿಲ್ಲ. ಸೀರೆ ಆರಿಸಿದರೆ ಬಣ್ಣ ಬಿಡುವುದಿಲ್ಲ. ನನ್ನ ಇಬ್ಬರು ನಾದಿನಿಯರಿಗೆ ಗಂಡು ಆರಿಸಿದವಳೂ ನಾನೇ. ಆ ಎರಡು ಪೀಸೂ ಇವತ್ತಿನವರೆಗೆ ಒಂದು ರಿಪೇರಿಗೂ ಬಂದಿಲ್ಲ! ಹೀಗಿರುವಾಗ ಬಚ್ಚಲುಮನೆಗೆ ಒಂದು ಗೀಸರ್ ಆರಿಸುವುದು ಯಾವ ಮಹಾ ಕೆಲಸ ಎಂದು ನಾನು ಅಂದುಕೊಂಡಿದ್ದರೆ ಅದನ್ನು ದಯವಿಟ್ಟು ಅಹಂಕಾರ ಎನ್ನಬೇಡಿ. ಕಾನ್ಫಿಡೆನ್ಸ್ ಎನ್ನಿ.

ಗೀಸರ್ ಯಾಕೆ ಬೇಕಾಯಿತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಜಯನಗರದ ನಮ್ಮ ಮನೆಯ ತಾರಸಿಯ ಮೇಲೆ ಒಂದು ಸೋಲಾರ್ ಇದೆ. ಬಂಗಾರದಂಥ ಸೋಲಾರ್. ಅದಕ್ಕೆ ಬೇಕಾದದ್ದು ಬಿಸಿಲೊಂದೇ. ಪಕ್ಕದ ಸೈಟಿನಲ್ಲಿ ಮೊದಲು ಒಂದು ಹೆಂಚಿನ ಮನೆ ಇತ್ತು, ಅದರ ಮುಂದೆ ಒಂದು ಸಂಪಿಗೆ ಮರ. ಈಗ ಎರಡೂ ಇಲ್ಲ, ನಾಲ್ಕು ಅಂತಸ್ತಿನ ಕಟ್ಟಡವಿದೆ. ಅವರು ಬಹಳ ಒಳ್ಳೆಯ ಜನ. ಗೃಹಪ್ರವೇಶಕ್ಕೆ ಮನೆಗೇ ಬಂದು ಕರೆದರು, ಹೋಳಿಗೆ ಊಟ ಹಾಕಿದರು, ಹೊರಡುವಾಗ ಪುಟ್ಟದೊಂದು ಬೆಳ್ಳಿಯ ಕುಂಕುಮದ ಬಟ್ಟಲು ಕೊಟ್ಟರು, ಮತ್ತು ನಮ್ಮ ಸೂರ್ಯನನ್ನು ತೆಗೆದುಕೊಂಡರು. ಈಗ ಸೂರ್ಯ ನಮ್ಮ ತಾರಸಿಗೆ ಹತ್ತು ಗಂಟೆಗೆ ಬರುತ್ತಾನೆ, ಬ್ಯಾಂಕಿನ ಮ್ಯಾನೇಜರ್ ಹಾಗೆ. ಊಟದ ಹೊತ್ತಿಗೆ ಎದ್ದು ಹೋಗುತ್ತಾನೆ.

ಆದರೂ ನಾನು, ನಮ್ಮವರು, ಇಬ್ಬರೇ ತಾನೆ? ಒಲೆಯ ಮೇಲೆ ನೀರು ಕಾಯಿಸಿಕೊಂಡು ಕಾಲ ಹಾಕುತ್ತಿದ್ದೆವು. ಎಲ್ಲ ಶುರುವಾದದ್ದು ದೀಪಾವಳಿ ಹತ್ತಿರ ಬಂದಾಗ.

ನಮ್ಮ ಕುಟುಂಬದಲ್ಲಿ ನರಕ ಚತುರ್ದಶಿಯ ಎಣ್ಣೆಸ್ನಾನ ಎಂದರೆ ಅದು ಸರಸಕ್ಕನ ಮನೆಯಲ್ಲೇ. ಸರಸಕ್ಕ ನನ್ನ ಓರಗಿತ್ತಿ, ನಮ್ಮವರ ಅಣ್ಣನ ಹೆಂಡತಿ. ಬನಶಂಕರಿಯ ಅವರ ಮನೆಯ ಹಿತ್ತಲಿನಲ್ಲಿ ಒಂದು ಬಚ್ಚಲು, ಅದರಲ್ಲಿ ಒಂದು ತಾಮ್ರದ ಹಂಡೆ, ಹಂಡೆಯ ಕೆಳಗೆ ತೆಂಗಿನ ಮಟ್ಟೆಯ ಉರಿ. ಮದುವೆಯಾದ ವರ್ಷ ನಾನು ಮೊದಲ ಸಲ ಆ ಬಚ್ಚಲಿಗೆ ಕಾಲಿಟ್ಟೆ. ಸರಸಕ್ಕ ನನ್ನ ತಲೆಗೆ ಅರ್ಧ ಬಟ್ಟಲು ಎಣ್ಣೆ ತಟ್ಟಿ, ಮೇಲೆ ಸೀಗೆಪುಡಿ ತಿಕ್ಕಿ, ಕುದಿಯುವ ನೀರನ್ನು ತಂಬಿಗೆಯಲ್ಲಿ ಎತ್ತಿ ಹೊಯ್ದರು. ಕಣ್ಣಿಗೆ ಸೀಗೆ, ಮೂಗಿಗೆ ಹೊಗೆ, ಬೆನ್ನಿಗೆ ಬೆಂಕಿ! ನನ್ನ ಬಾಯಿಂದ "ಓ ಮೈ ಗುಡ್‌ನೆಸ್!" ಎಂದು ಹೊರಟಿತು. ಹನ್ನೊಂದು ವರ್ಷ ಸಿಸ್ಟರ್‌ಗಳ ಕೈಕೆಳಗೆ ಓದಿದವಳಿಗೆ ಬೇರೇನು ಹೊರಡಬೇಕು? ಸರಸಕ್ಕ ತಂಬಿಗೆ ಕೆಳಗಿಟ್ಟು ಗೋಡೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಪ್ರತಿ ದೀಪಾವಳಿಗೂ ನೀರು ಹೊಯ್ಯುವ ಮೊದಲು ಅವರು ಕೇಳುವ ಪ್ರಶ್ನೆ ಒಂದೇ. "ಏನೇ ಕಾನ್ವೆಂಟು, ಗುಡ್‌ನೆಸ್ಸು ರೆಡಿ ಇದೆಯಾ?"

ಆ ಮನೆಯನ್ನು ಈ ವರ್ಷ ಬಿಲ್ಡರ್‌ಗೆ ಬಿಟ್ಟುಕೊಟ್ಟರು. ಹೊಸ ಕಟ್ಟಡ ಏಳುವವರೆಗೆ ಸರಸಕ್ಕ, ಮಗ ರಘು, ಸೊಸೆ ಸ್ಮಿತಾ, ಮೊಮ್ಮಗಳು ಧೃತಿ, ನಾಲ್ವರೂ ಚಿಕ್ಕಲಸಂದ್ರದಲ್ಲಿ ಬಾಡಿಗೆಯ ಫ್ಲ್ಯಾಟ್‌ನಲ್ಲಿದ್ದಾರೆ. ಹಂಡೆ ಅಲ್ಲಿನ ಬಾಲ್ಕನಿಯಲ್ಲಿದೆ. ಅದರೊಳಗೆ ಛತ್ರಿಗಳನ್ನೂ ಧೃತಿಯ ಬ್ಯಾಡ್ಮಿಂಟನ್ ರ‍್ಯಾಕೆಟ್ಟನ್ನೂ ಇಟ್ಟಿದ್ದಾರೆ.

ಸರಸಕ್ಕ ಫೋನ್ ಮಾಡಿದರು. "ಈ ವರ್ಷ ಎಣ್ಣೆನೀರು ಅವರವರ ಮನೇಲೇ ಆಗ್ಲಿ ಬಿಡೇ ಕುಸುಮಾ. ಇಲ್ಲಿ ಬಚ್ಚಲು ಅಂದ್ರೆ ಒಂದು ಬೀರು ಇದ್ದಂಗಿದೆ. ನಾನು ಒಳಗೆ ಹೋದ್ರೆ ಬಕೆಟ್ಟು ಹೊರಗೆ ಬರ್ಬೇಕು."

ಮಾತು ತಮಾಷೆಯದು, ಧ್ವನಿ ತಮಾಷೆಯದಲ್ಲ. ಅಷ್ಟು ವರ್ಷ ಊರಿಗೆಲ್ಲ ನೀರು ಹೊಯ್ದವರು! ಮರುಕ ಬಂದಾಗ ನನ್ನ ಬುದ್ಧಿ ಕೆಲಸ ಮಾಡುವುದಿಲ್ಲ.

"ಯಾರು ಹೇಳಿದ್ದು ಅಕ್ಕಾ? ಈ ವರ್ಷ ಎಲ್ಲರಿಗೂ ನಮ್ಮನೇಲೇ. ನಿಮಗೆ ನಾನು ನೀರು ಹೊಯ್ತೀನಿ."

"ನಿಮ್ಮನೇಲಿ ನೀರೆಲ್ಲಿ ಕಾಯತ್ತೆ? ಸೂರ್ಯ ಬರಲ್ಲ ಅಂತಿದ್ಯಲ್ಲ?"

"ಗೀಸರ್ ಬರ್ತಾ ಇದೆ!"

ಎದುರಿಗೆ ಪೇಪರ್ ಓದುತ್ತಿದ್ದ ನಮ್ಮವರು ಪೇಪರ್ ಇಳಿಸಿ ನನ್ನನ್ನು ನೋಡಿದರು. ಗೀಸರ್ ಬರುತ್ತಿರುವ ವಿಷಯ ಅವರಿಗೂ ಆಗಲೇ ತಿಳಿದದ್ದು.

ನಮ್ಮವರು ಒಂದು ಔಷಧಿ ಕಂಪನಿಯಲ್ಲಿ ಕ್ವಾಲಿಟಿ ಕಂಟ್ರೋಲ್ ನೋಡಿಕೊಳ್ಳುತ್ತಿದ್ದವರು. ರಿಟೈರ್ ಆಗಿ ಎಷ್ಟೋ ವರ್ಷವಾದರೂ ಕಂಟ್ರೋಲ್ ಬಿಟ್ಟಿಲ್ಲ. ಅವರಿಗೆ ಅತ್ಯಂತ ಪ್ರಿಯವಾದ ಶಬ್ದ 'ಪ್ರೊಸೀಜರ್'. ಕಾಫಿ ಡಿಕಾಕ್ಷನ್ನಿಗೂ ಒಂದು ಪ್ರೊಸೀಜರ್, ಬಾಳೆಹಣ್ಣು ಸುಲಿಯುವುದಕ್ಕೂ ಒಂದು ಪ್ರೊಸೀಜರ್.

"ಬಜೆಟ್ ನಾನು ಹೇಳ್ತೀನಿ, ಮಾಡೆಲ್ ನೀನು ಹೇಳು," ಎಂದರು. "ಮೊದಲು ಒಪೀನಿಯನ್ ಕಲೆಕ್ಟ್ ಮಾಡು. ಅದು ಪ್ರೊಸೀಜರ್."

ಮರುದಿನ ಬೆಳಿಗ್ಗೆ ಪಾರ್ಕಿನಲ್ಲಿ ನನ್ನ ವಾಕಿಂಗ್ ಗೆಳತಿಯರ ಮುಂದೆ ವಿಷಯವನ್ನು ಮಂಡಿಸಿದೆ. ವಾಕಿಂಗ್ ನಿಂತಿತು. ಒಬ್ಬಳು ಹೇಳಿದಳು, "ಒಂದು ಕಾಯಿಲ್ ತಗೊಂಡು ಬಕೆಟ್ಟಿಗೆ ಇಳಿಬಿಡೇ, ಅಗ್ಗ." ಆಕೆಯ ಮನೆಯಲ್ಲಿ ಹಾಗೆ ಇಳಿಬಿಟ್ಟ ಕಾಯಿಲ್ ಒಂದು ಪ್ಲಾಸ್ಟಿಕ್ ಬಕೆಟ್ಟನ್ನು ತಟ್ಟೆ ಮಾಡಿದ್ದು ನನಗೆ ಗೊತ್ತಿತ್ತು. ಇನ್ನೊಬ್ಬಳು ಇನ್‌ಸ್ಟಂಟ್ ಎಂದಳು. ಅದು ನಲ್ಲಿ ತಿರುಗಿಸಿದ ಕೂಡಲೇ ಬಿಸಿ ಕೊಡುತ್ತದೆ ನಿಜ, ಆದರೆ ನೂಲಿನೆಳೆಯ ಹಾಗೆ ಕೊಡುತ್ತದೆ. ಒಂದು ಬಕೆಟ್ ತುಂಬುವಷ್ಟರಲ್ಲಿ ಸಹಸ್ರನಾಮ ಮುಗಿಯುತ್ತದಂತೆ. ಮೂರನೆಯವಳು ಹೀಟ್ ಪಂಪ್ ಹಾಕಿಸಿದ್ದಾಳೆ. ಕರೆಂಟು ಬಹಳ ಉಳಿಯುತ್ತದಂತೆ. ಅದನ್ನು ಇಡಲು ಅವಳ ಗಂಡನ ಸ್ಕೂಟರ್ ಬೀದಿಗೆ ಹೋಯಿತು.

ಎಲ್ಲವನ್ನೂ ಕೇಳಿಕೊಂಡು, ಯಾವುದನ್ನೂ ಒಪ್ಪದೆ, ನಾಲ್ಕನೇ ಬ್ಲಾಕಿನ ಅಂಗಡಿಗೆ ಹೋದೆವು. ಅಲ್ಲಿ ಗೋಡೆಯ ತುಂಬ ಗೀಸರ್‌ಗಳು ಸಾಲಾಗಿ ನೇತಾಡುತ್ತಿದ್ದವು, ಸ್ಕೂಲಿನ ಅಸೆಂಬ್ಲಿಯ ಹಾಗೆ. ಟೈ ಕಟ್ಟಿದ್ದ ಸೇಲ್ಸ್‌ಮನ್ ನಮ್ಮನ್ನು ನೇರವಾಗಿ ಅತ್ಯಂತ ದುಬಾರಿಯದರ ಮುಂದೆ ನಿಲ್ಲಿಸಿದ.

"ಆಂಟಿ, ಇದು ವೈಫೈ. ನೀವು ಆಚೆ ಎಲ್ಲೇ ಇದ್ರೂ ಫೋನಲ್ಲೇ ಆನ್ ಮಾಡ್ಬಹುದು."

"ನಾನು ಆಚೆ ಇದ್ರೆ ಮನೇಲಿ ಸ್ನಾನ ಮಾಡೋರು ಯಾರಪ್ಪಾ?"

ಅವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಬೆಲೆಯೂ ಸರಿಯಿತು. "ಹಾಗಾದ್ರೆ ಇದು ನೋಡಿ. ಡಿಜಿಟಲ್ ಡಿಸ್‌ಪ್ಲೇ. ನೀರು ಎಷ್ಟು ಡಿಗ್ರಿ ಇದೆ ಅಂತ ನಂಬರ್ ಬರುತ್ತೆ."

ನಮ್ಮವರ ಕಣ್ಣು ಅರಳಿತು. ಡಿಗ್ರಿ! ನಾನು ಅವರ ಮೊಣಕೈ ಒತ್ತಿದೆ. ನನ್ನ ವಾದವನ್ನು ನೀವೂ ಕೇಳಿ, ಇದರಲ್ಲಿ ತಪ್ಪೇನಿದೆ ಹೇಳಿ. ನಂಬರ್ ಓದಲು ಕನ್ನಡಕ ಬೇಕು. ಕನ್ನಡಕ ಹಾಕಿಕೊಂಡು ಸ್ನಾನಕ್ಕೆ ಹೋಗುವವರು ಉಂಟೇ? ಓದಲಾಗದ ನಂಬರಿಗೆ ದುಡ್ಡು ಯಾಕೆ ಕೊಡಬೇಕು?

ಹೀಗೆ ಒಂದೊಂದೇ ಹೆಜ್ಜೆ ಸರಿಯುತ್ತಾ ಮೂಲೆಗೆ ಬಂದೆವು. ಮೂಲೆಯಲ್ಲಿ ಇತ್ತು ನನ್ನ ಗೀಸರ್. ಬೆಳ್ಳಗೆ, ದುಂಡಗೆ, ಹೊಟ್ಟೆ ತುಂಬಿದ ಮಗುವಿನ ಹಾಗೆ. ಇಪ್ಪತ್ತೈದು ಲೀಟರ್. ಬಟನ್ ಇಲ್ಲ, ನಂಬರ್ ಇಲ್ಲ, ವೈಫೈ ಇಲ್ಲ. ಮುಖದ ನಡುವೆ ಕಡಲೆಕಾಳಿನಷ್ಟು ದೊಡ್ಡ ಒಂದೇ ಒಂದು ಲೈಟ್.

"ಇದು ಬೇಸಿಕ್ ಮಾಡೆಲ್ ಆಂಟಿ," ಸೇಲ್ಸ್‌ಮನ್ ಸ್ವಲ್ಪ ನಿರಾಸೆಯಿಂದಲೇ ಹೇಳಿದ. "ಆದ್ರೆ ಐಟಂ ಒಳ್ಳೇದು. ಬೋರ್‌ವೆಲ್ ನೀರಿಗೂ ತಡೆಯುತ್ತೆ. ಸುತ್ತಾ ದಪ್ಪ ಫೋಮ್ ಇದೆ, ಒಳಗೆ ನೀರು ಕೊತಕೊತ ಅಂತಿದ್ರೂ ಹೊರಗೆ ಮುಟ್ಟಿದ್ರೆ ತಣ್ಣಗೇ ಇರುತ್ತೆ. ಲೈಟ್ ಕೆಂಪಗಿದ್ರೆ ಕಾಯ್ತಾ ಇದೆ ಅಂತ. ಕೆಂಪು ಹೋಯ್ತು ಅಂದ್ರೆ ನೀರು ರೆಡಿ. ಅರ್ಧ ಗಂಟೆ ಸಾಕು."

"ಅಷ್ಟೇನಾ?"

"ಅಷ್ಟೇ ಆಂಟಿ. ಚಿಕ್ಕ ಮಗೂನೂ ಯೂಸ್ ಮಾಡ್ಬಹುದು."

ಚಿಕ್ಕ ಮಗು ಬಳಸಬಹುದಿತ್ತೋ ಏನೋ. ನಾವು ದೊಡ್ಡವರಾಗಿದ್ದೆವು, ಅದೇ ತೊಂದರೆಯಾಯಿತು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಕಂಪನಿಯವನು ಬಂದು ಗೀಸರನ್ನು ಬಚ್ಚಲಿನ ಗೋಡೆಗೆ, ನನ್ನ ಕೈಗೆಟುಕದ ಎತ್ತರಕ್ಕೆ ಏರಿಸಿದ. ಸ್ವಿಚ್ ಹಾಕಿದ, ಕೆಂಪು ಬಂತು. ಅರ್ಧ ಗಂಟೆಗೆ ಕೆಂಪು ಹೋಯಿತು. ನಲ್ಲಿ ತಿರುಗಿಸಿದರೆ ಹಬೆಯಾಡುವ ನೀರು! ನಮ್ಮವರು ತೃಪ್ತಿಯಿಂದ ತಲೆಯಾಡಿಸಿ ಸ್ವಿಚ್ ಆರಿಸಿದರು. ನಾನು ಮನಸ್ಸಿನಲ್ಲೇ ಸಿಸ್ಟರ್ ಆಗ್ನೆಸ್ ಅವರನ್ನು ನೆನೆದೆ. "ಗರ್ಲ್ಸ್, ಸಿಂಪಲ್ ಥಿಂಗ್ಸ್ ನೆವರ್ ಫೇಲ್," ಎನ್ನುತ್ತಿದ್ದರು ಅವರು. ಪಾಪ, ಅವರಿಗೆ ನನ್ನ ಪೂರ್ತಿ ಪರಿಚಯವಿರಲಿಲ್ಲ.

ಅಂದು ಸಂಜೆ ನೀರು ತುಂಬುವ ಹಬ್ಬ. ಆಟೋದಲ್ಲಿ ಸರಸಕ್ಕ, ಹಿಂದೆ ಕಾರಿನಲ್ಲಿ ಉಳಿದವರು, ಜೊತೆಗೆ ಹಾಗಲಬಳ್ಳಿ, ಸುಣ್ಣದ ಡಬ್ಬಿ, ಎಣ್ಣೆಯ ಗಿಂಡಿ ಎಲ್ಲವೂ ಬಂದವು. ಕಾರಿನಲ್ಲಿ ಮಂಡಿ ಮಡಚಲಾಗುವುದಿಲ್ಲ ಎಂದು ಅಕ್ಕ ಆಟೋದಲ್ಲೇ ಬರುವುದು. ಇಳಿದವರೇ ನೇರ ಬಚ್ಚಲಿಗೆ ಹೋಗಿ, ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಸೊಂಟದ ಮೇಲೆ ಕೈಯಿಟ್ಟು ಮೇಲೆ ನೋಡಿದರು.

"ಇದೇನೇ ಕುಸುಮಾ, ಬೆಕ್ಕಿನ ಥರ ಮೇಲೆ ಹತ್ತಿ ಕೂತಿದೆ?"

"ಅದು ಅಲ್ಲೇ ಇರೋದು ಅಕ್ಕಾ."

"ಹೊಟ್ಟೆ ಇದೆ, ಬಾಯೆಲ್ಲಿ? ನೀರು ತುಂಬೋದು ಎಲ್ಲಿಂದ?"

"ತುಂಬೋದು ಬೇಡ ಅಕ್ಕಾ, ಅದೇ ತುಂಬ್ಕೊಳ್ಳತ್ತೆ."

"ಹಬ್ಬಾನೂ ಅದೇ ಮಾಡ್ಕೊಂಡ್ರೆ ನಾವ್ಯಾಕೆ ಬಂದ್ವಿ?"

ಕೊನೆಗೆ ಸಂಧಾನವಾಯಿತು. ನೀರನ್ನು ಅದೇ ತುಂಬಿಕೊಳ್ಳಲಿ. ಆದರೆ ಹಂಡೆಗೆ ಏನೇನು ಮರ್ಯಾದೆ ಮಾಡುತ್ತಿದ್ದೆವೋ ಅಷ್ಟೂ ಮರ್ಯಾದೆ ಗೀಸರಿಗೂ ಆಗಬೇಕು. ಸುಣ್ಣದ ಗೆರೆ, ಹಾಗಲಬಳ್ಳಿ, ಅರಿಶಿನ, ಕುಂಕುಮ, ಯಾವುದೂ ತಪ್ಪುವ ಹಾಗಿಲ್ಲ.

ಮರ್ಯಾದೆ ಮಾಡಲು ಸ್ಟೂಲು ಹತ್ತಿದವಳು ನಾನು. ಸ್ಟೂಲು ಹಿಡಿದವಳು ಧೃತಿ. ಹತ್ತುವಾಗ ಕನ್ನಡಕ ಜಾರೀತೆಂದು ಅದನ್ನು ತೆಗೆದು ಸ್ಮಿತಾಳ ಕೈಗೆ ಕೊಟ್ಟಿದ್ದೆ. ಬಳ್ಳಿ ಸುತ್ತಿದೆ. ಸುಣ್ಣದ ಗೆರೆ ಎಳೆದೆ, ಅದು ಸ್ವಲ್ಪ ಸೊಟ್ಟಗಾಯಿತು. ಅರಿಶಿನ ಬಳಿದೆ. ಕೊನೆಗೆ ಕುಂಕುಮ. ನಯವಾದ ಮೈಯಿಂದ ಉದುರಿ ಹೋಗಬಾರದೆಂದು ಪಕ್ಕದ ಮನೆಯವರು ಕೊಟ್ಟಿದ್ದ ಬೆಳ್ಳಿಯ ಬಟ್ಟಲಿನಲ್ಲಿ ಎರಡು ಹನಿ ಎಣ್ಣೆ ಬಿಟ್ಟು ಕಲೆಸಿದ್ದೆ. ನೋಡಿ, ನನ್ನ ಮುಂದಾಲೋಚನೆ ಹೇಗಿತ್ತು!

"ಎಲ್ಲಿಡ್ಲಿ ಅಕ್ಕಾ?"

"ಮಧ್ಯದಲ್ಲಿಡೇ. ದೊಡ್ಡದಾಗಿಡು. ಬಾಗಿಲಿಂದ ಕಾಣ್ಬೇಕು."

ಬೆರಳಿನಿಂದ ತಡವಿದೆ. ನಟ್ಟನಡುವೆ ಒಂದು ಪುಟ್ಟ ಉಬ್ಬು ಸಿಕ್ಕಿತು.

"ಅಕ್ಕಾ, ಕಂಪನಿಯವರೇ ಬೊಟ್ಟಿಗೆ ಜಾಗ ಮಾಡಿಟ್ಟಿದಾರೆ!"

"ಪರವಾಗಿಲ್ವೇ! ನಮ್ಮ ಕಡೆಯೋರೇ ಯಾರೋ ಮಾಡಿರ್ಬೇಕು," ಎಂದು ಸರಸಕ್ಕ ಮೆಚ್ಚಿಕೊಂಡರು.

ಕಾಸಿನಗಲದ ಬೊಟ್ಟು ಇಟ್ಟು, ಊದಿನಕಡ್ಡಿ ಬೆಳಗಿ, ಕೆಳಗಿಳಿದೆ. ಧೃತಿ ಫೋಟೋ ತೆಗೆದಳು. "ಚಿಕ್ಕಜ್ಜಿ, ಸಖತ್ತಾಗಿದೆ. ಗೀಸರಮ್ಮ ಥರ ಇದೆ," ಎಂದಳು. ಎಲ್ಲರೂ ಕೈ ಮುಗಿದೆವು. ನಮ್ಮವರೂ ಮುಗಿದರು.

ಮರುದಿನ ಬೆಳಗಿನ ಜಾವ ಎಲ್ಲರೂ ಎದ್ದಾಗ ಇನ್ನೂ ಕತ್ತಲು. ಎಣ್ಣೆಸ್ನಾನ ಸೂರ್ಯ ಹುಟ್ಟುವ ಮೊದಲೇ ಆಗಬೇಕು, ಇದು ಸರಸಕ್ಕನ ಮನೆಯಲ್ಲಿ ಒಂದು ವರ್ಷವೂ ತಪ್ಪಿದ್ದಿಲ್ಲ. ಈಗ ಆ ಭಾರ ನನ್ನ ಹೆಗಲ ಮೇಲೆ, ಅಂದರೆ ನನ್ನ ಗೀಸರಿನ ಹೆಗಲ ಮೇಲೆ ಬಂದಿತ್ತು. ನಮ್ಮವರು ಐದಕ್ಕೆ ಮೊದಲೇ ಸ್ವಿಚ್ ಹಾಕಿ, ಬಚ್ಚಲಿನ ಬಾಗಿಲಲ್ಲಿ ನಿಂತು ಒಳಗೆ ನೋಡಿ, "ರೆಡ್ ಬಂದಿದೆ," ಎಂದು ಘೋಷಿಸಿದರು. ಆಮೇಲೆ ಕಟ್ಟಪ್ಪಣೆ ಹೊರಡಿಸಿದರು. "ರೆಡ್ ಹೋಗೋವರೆಗೂ ಯಾರೂ ನಲ್ಲಿ ಮುಟ್ಟೋ ಹಾಗಿಲ್ಲ. ಮಧ್ಯದಲ್ಲಿ ತಿರುಗಿಸಿದ್ರೆ ತಣ್ಣೀರು ಒಳಗೆ ನುಗ್ಗಿ ಪ್ರೊಸೆಸ್ ಹಾಳಾಗತ್ತೆ."

ಹಾಲಿನಲ್ಲಿ ಮಣೆ ಹಾಕಿ ಸರಸಕ್ಕ ಒಬ್ಬೊಬ್ಬರನ್ನೇ ಕೂರಿಸಿ ಎಣ್ಣೆ ಹಚ್ಚಿದರು. ಆರತಿ ಆಯಿತು. ಅರ್ಧ ಗಂಟೆಯೂ ಆಯಿತು. ಸೋಫಾಗಳ ಮೇಲೆ ಹಳೇ ಪೇಪರ್ ಹಾಸಿ, ಅದರ ಮೇಲೆ ಸಾಲಾಗಿ ಕೂತ ನಾವು ಈಗಷ್ಟೇ ಬಾಣಲೆಯಿಂದ ತೆಗೆದ ಬೋಂಡಾಗಳ ಹಾಗೆ ಹೊಳೆಯುತ್ತಿದ್ದೆವು.

"ಚಿಕ್ಕಪ್ಪಾ, ಹೋಯ್ತಾ ರೆಡ್ಡು?" ರಘು ಕೇಳಿದ. ಎಣ್ಣೆ ಇಳಿದು ಅವನ ಒಂದು ಕಣ್ಣು ಮುಚ್ಚಿತ್ತು.

"ಇಲ್ಲ. ಇನ್ನೂ ಇದೆ."

ಇನ್ನೊಂದು ಕಾಲು ಗಂಟೆ. ಬೀದಿಯಲ್ಲಿ ಪಟಾಕಿ ಶುರುವಾಯಿತು. ಸ್ನಾನವಾದವರು ಮಾತ್ರ ತಾನೇ ಪಟಾಕಿ ಹೊಡೆಯುವುದು? ಒಂದೊಂದು ಶಬ್ದವೂ ನನಗೆ 'ನಮ್ಮದಾಯ್ತು, ನಿಮ್ಮದು?' ಎಂದಂತೆ ಕೇಳಿಸುತ್ತಿತ್ತು.

"ರೀ, ಹೋಯ್ತಾ?"

"ಇದೆ. ಸ್ಟ್ರಾಂಗ್ ಆಗೇ ಇದೆ. ಹಬ್ಬದ ದಿನ ಊರೆಲ್ಲ ಗೀಸರ್ ಹಾಕಿರ್ತಾರೆ. ವೋಲ್ಟೇಜ್ ಲೋ."

ಕಣ್ಣು ತಡೆಯದೆ ರಘು ಮೆಲ್ಲಗೆ ಎದ್ದು, ಚಿಕ್ಕಪ್ಪ ಕಾಫಿಗೆ ಹೋಗಿದ್ದ ಸಮಯ ನೋಡಿ, ಬಚ್ಚಲಿಗೆ ನುಸುಳಿ ನಲ್ಲಿ ತಿರುಗಿಸಿದ. ಪೈಪಿನಲ್ಲಿ ಹಿಂದಿನ ದಿನದಿಂದ ನಿಂತಿದ್ದ ನೀರು ಅವನ ಪಾದದ ಮೇಲೆ ಬಿತ್ತು. "ಅಯ್ಯೋ, ಐಸು!" ಎಂದು ಕೂಗಿ ನಲ್ಲಿ ಮುಚ್ಚಿ ಓಡಿ ಬಂದ. ಇನ್ನೆರಡು ಮಗ್ ಹರಿಯಲು ಬಿಟ್ಟಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಬಿಡಲಿಲ್ಲ.

"ಯಾರದು ಮುಟ್ಟಿದ್ದು?" ನಮ್ಮವರು ಲೋಟದ ಸಮೇತ ಓಡಿ ಬಂದರು. "ಈಗ ಮೊದಲಿಂದ ಕಾಯ್ಬೇಕು!"

ಮೊದಲಿನಿಂದ ಕಾದೆವು. ಕೆಂಪು ಕದಲಲಿಲ್ಲ. ಕೊನೆಗೆ ನಾನೇ ಎಣ್ಣೆ ಕಾಲಿನಲ್ಲಿ ಸ್ಟೂಲು ಹತ್ತಿ, ಬಳ್ಳಿಯ ನಡುವೆ ಕೈ ತೂರಿಸಿ ಗೀಸರಿನ ಹೊಟ್ಟೆ ಮುಟ್ಟಿ ನೋಡಿದೆ. ತಣ್ಣಗೆ, ಫ್ರಿಜ್ಜಿನಲ್ಲಿಟ್ಟ ಕುಂಬಳಕಾಯಿಯ ಹಾಗಿತ್ತು. ಸೇಲ್ಸ್‌ಮನ್ ಹೇಳಿದ ದಪ್ಪ ಫೋಮ್ ಆ ಹೊತ್ತಿನಲ್ಲಿ ನೆನಪಾಗಬೇಕಿತ್ತು. ನನಗೆ ನೆನಪಾದದ್ದು ಅವನ ಟೈ ಮಾತ್ರ. ಅದನ್ನು ಹಿಡಿದು ಎಳೆಯಬೇಕು ಅನ್ನಿಸಿತು.

"ಓ ಮೈ ಗುಡ್‌ನೆಸ್," ಎಂದೆ. "ಅಕ್ಕಾ, ಇದು ಸತ್ತಿದೆ."

"ಹಬ್ಬದ ದಿನ ಸತ್ತಿದೆ ಅನ್ಬೇಡ್ವೇ. ಮಲಗಿದೆ ಅನ್ನು," ಎಂದರು ಸರಸಕ್ಕ. ಅವರೇನೂ ಹಂಗಿಸಲಿಲ್ಲ. ನನಗೆ ಅದೇ ಇನ್ನಷ್ಟು ಕಷ್ಟವಾಯಿತು. ಕುರ್ಚಿಯಲ್ಲಿ ಎಣ್ಣೆ ತಲೆಯಲ್ಲಿ ಪುಟ್ಟದಾಗಿ ಕೂತಿದ್ದರು. ಕಿಟಕಿಯಾಚೆ ಕತ್ತಲು ತೆಳುವಾಗುತ್ತಿತ್ತು.

ಆಗ ಸ್ಮಿತಾ ಸೆರಗು ಸಿಕ್ಕಿಸಿದಳು. "ಚಿಕ್ಕಮ್ಮಾ, ಪಾತ್ರೆ ಎಲ್ಲಿದೆ ಹೇಳಿ."

ಮುಂದಿನದು ಸ್ನಾನವಲ್ಲ, ಯುದ್ಧ. ಒಲೆಯ ಎಲ್ಲ ಉರಿಗಳೂ ಹೊತ್ತಿಕೊಂಡವು. ಕುಕ್ಕರ್, ಇಡ್ಲಿ ಪಾತ್ರೆ, ಸಾರಿನ ಪಾತ್ರೆ, ಹಾಲಿನ ಪಾತ್ರೆ, ನನ್ನ ಮದುವೆಯಲ್ಲಿ ಬಂದ ಹಿತ್ತಾಳೆ ತಪ್ಪಲೆ, ಎಲ್ಲವೂ ಒಲೆ ಏರಿದವು. ರಘು ಬಟ್ಟೆ ಹಿಡಿದು ಅಡುಗೆಮನೆಯಿಂದ ಬಚ್ಚಲಿಗೆ ಕುದಿನೀರು ಸಾಗಿಸಿದ. "ದಾರಿ! ದಾರಿ!" ನಮ್ಮವರು ಪ್ಯಾಸೇಜಿನಲ್ಲಿ ನಿಂತು ಟ್ರಾಫಿಕ್ ನೋಡಿಕೊಂಡರು. ನಡುನಡುವೆ ಬಚ್ಚಲಿಗೆ ಇಣುಕಿ, "ರೆಡ್ ಇನ್ನೂ ಇದೆ," ಎಂದು ಬುಲೆಟಿನ್ ಕೊಡುತ್ತಿದ್ದರು.

ಒಳಗಿನಿಂದ ಧೃತಿಯ ಧ್ವನಿ ಬಂತು. "ಚಿಕ್ಕಜ್ಜೀ, ನನ್ನ ನೀರು ಸಾರಿನ ವಾಸನೆ ಬರ್ತಿದೆ!"

"ಕೂದಲಿಗೆ ಒಳ್ಳೇದು ಪುಟ್ಟಾ!"

ರಘು ಇಡ್ಲಿ ನೀರಿನಲ್ಲಿ, ಸ್ಮಿತಾ ಹಾಲಿನ ಪಾತ್ರೆಯ ನೀರಿನಲ್ಲಿ ಮಿಂದರು. ನಮ್ಮವರಿಗೆ ಕುಕ್ಕರಿನ ನೀರು. ಮೂರು ವಿಷಲ್ ಆದ ಮೇಲೇ ಮೀಯುತ್ತೇನೆಂದರು. ಪುಟ್ಟ ಬಚ್ಚಲಿನಲ್ಲಿ ನಾಲ್ಕು ಸ್ನಾನದ ಹಬೆ ತುಂಬಿಕೊಂಡು ಗೋಡೆಗಳೆಲ್ಲ ಬೆವರುತ್ತಿದ್ದವು. ಉಳಿದವರು ಸರಸಕ್ಕ ಮತ್ತು ನಾನು. ಮೊದಲು ಅವರಿಗೇ ಎಂದು ನಾನು ಬೇಡಿಕೊಂಡಿದ್ದೆ. "ಮಕ್ಕಳದಾಗ್ಲಿ, ನಾನು ಯಾವತ್ತು ಮೊದಲು ಮಾಡಿದೀನಿ?" ಎಂದು ಅವರು ಕುರ್ಚಿ ಬಿಟ್ಟು ಏಳಲೇ ಇಲ್ಲ.

ಅವರ ಸರದಿ ಬಂದಾಗ, ಒಲೆಯ ಮೇಲಿನ ಹಿತ್ತಾಳೆ ತಪ್ಪಲೆ ಇನ್ನೂ ಬಿಸಿಯೇರುವ ಮುಂಚೆ, ಸಿಲಿಂಡರ್ ಮುಗಿಯಿತು.

ಉರಿ ಒಮ್ಮೆ ಹಳದಿಯಾಯಿತು, ಬಿಕ್ಕಿತು, ಆರಿತು. ಬೇರೆ ಸಿಲಿಂಡರ್ ಇರಲಿಲ್ಲ. ನಾನು ಅಡುಗೆಮನೆಯ ನಡುವೆ ಎಣ್ಣೆ ಸುರಿಸಿಕೊಂಡು ನಿಂತೆ. ಎಷ್ಟು ವರ್ಷ ನನ್ನ ತಲೆಗೆ ನೀರು ಹೊಯ್ದ ಕೈ ಅದು! ಒಂದೇ ಒಂದು ವರ್ಷ ಆ ತಲೆಗೆ ನಾಲ್ಕು ತಂಬಿಗೆ ಬಿಸಿನೀರು ಹೊಯ್ಯಲು ನನ್ನಿಂದಾಗಲಿಲ್ಲ. ವೈಫೈ ಗೀಸರನ್ನೇ ತೆಗೆದುಕೊಳ್ಳಬೇಕಿತ್ತು. ಕೊನೇ ಪಕ್ಷ ಫೋನಿನಲ್ಲಾದರೂ ಅದನ್ನು ಬೈಯಬಹುದಿತ್ತು.

ಆಗಲೇ ಧೃತಿ ಬಚ್ಚಲಿನ ಕಡೆಯಿಂದ ಕಿರುಚಿದಳು. "ಹೋಯ್ತು! ಚಿಕ್ಕಜ್ಜೀ, ರೆಡ್ ಹೋಯ್ತು! ಅರ್ಧ ಹೋಯ್ತು!"

ಅರ್ಧ ಹೇಗೆ ಹೋಗುತ್ತದೆ? ಎಲ್ಲರೂ ಓಡಿದೆವು. ಸರಸಕ್ಕ ಆಗಲೇ ಬಾಗಿಲಲ್ಲಿ ನಿಂತು ಮೇಲೆ ನೋಡುತ್ತಿದ್ದರು. ಹಬೆಗೆ ಕರಗಿದ ಕೆಂಪು ಗೀಸರಿನ ಬಿಳಿಯ ಹೊಟ್ಟೆಯ ಮೇಲೆ ಗೆರೆಯಾಗಿ ಇಳಿದು, ಹಾಗಲಬಳ್ಳಿಯ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಅಕ್ಕ ಕೈ ಚಾಚಿ ಒಂದು ಹನಿಯನ್ನು ಬೆರಳಿನ ಮೇಲೆ ಹಿಡಿದರು. ಅದನ್ನು ಮೂಸಿ ನೋಡಿದರು. ಆಮೇಲೆ ಆ ಕೆಂಪು ಬೆರಳನ್ನು ನನ್ನ ಕಡೆಗೆ ಎತ್ತಿ ತೋರಿಸಿದರು.

"ಕುಸುಮಾ, ನಿನ್ನ ಲೈಟು ನನ್ನ ಕೈಗೆ ಬಂತಲ್ಲೇ."

ನಮ್ಮವರು ನಿಧಾನವಾಗಿ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ನೋಡಿದರು. ನಾನು ನಲ್ಲಿ ತಿರುಗಿಸಿದೆ. ಮೊದಲು ತಣ್ಣೀರು. ಆಮೇಲೆ ಉಗುರುಬೆಚ್ಚಗೆ. ಆಮೇಲೆ ಭುಸ್ ಎಂದು ಹಬೆಯೆಬ್ಬಿಸುತ್ತಾ ಬಂತು ನೋಡಿ, ಬೆಳಗಿನಿಂದ ಒಳಗೆ ಕಾದು ಕಾದು ಕೂತಿದ್ದ ನೀರು!

"ಅಂದ್ರೆ ನಾನು ಸಾರಿನ ನೀರಲ್ಲಿ ಸ್ನಾನ ಮಾಡಿದ್ದು..." ಎಂದಳು ಧೃತಿ.

"ಬೊಟ್ಟಿಗೆ ಕಂಪನಿಯವರೇ ಜಾಗ ಮಾಡಿಟ್ಟಿದಾರೆ ಅಂದಿದ್ದು ಯಾರು?" ಎಂದರು ನಮ್ಮವರು.

"ರೆಡ್ ಸ್ಟ್ರಾಂಗ್ ಆಗಿದೆ ಅಂದಿದ್ದು ಯಾರು?" ಎಂದೆ ನಾನು.

ಸರಸಕ್ಕ ಗೋಡೆ ಹಿಡಿದುಕೊಂಡರು. ಮದುವೆಯಾದ ವರ್ಷ ನಕ್ಕ ಹಾಗೆಯೇ ನಕ್ಕರು, ಕಣ್ಣಿನಿಂದ ನೀರು ಬರುವವರೆಗೆ. ಆಮೇಲೆ ಇದ್ದಕ್ಕಿದ್ದಂತೆ ನಗು ನಿಲ್ಲಿಸಿ ಕೇಳಿದರು. "ಹೊತ್ತಾಯ್ತಲ್ಲೋ. ಸೂರ್ಯ ಹುಟ್ಟಿಬಿಟ್ನಾ?"

ನಮ್ಮವರು ಕಿಟಕಿಯಾಚೆ ಪಕ್ಕದ ನಾಲ್ಕು ಅಂತಸ್ತನ್ನು ನೋಡಿದರು. ಇಷ್ಟು ವರ್ಷದ ಸಂಸಾರದಲ್ಲಿ ಅವರ ಪ್ರೊಸೀಜರ್ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

"ಇಲ್ಲ ಅತ್ತಿಗೆ. ನಮ್ಮನೆಗೆ ಹತ್ತು ಗಂಟೆವರೆಗೂ ಹುಟ್ಟಲ್ಲ. ಆರಾಮಾಗಿ ಮಾಡಿ."

ಪಕ್ಕದ ಮನೆಯವರ ಮೇಲೆ ನನಗಿದ್ದ ಸಿಟ್ಟೆಲ್ಲ ಆ ಕ್ಷಣದಲ್ಲಿ ಇಳಿಯಿತು.

ಸರಸಕ್ಕನನ್ನು ಸ್ಟೂಲಿನ ಮೇಲೆ ಕೂರಿಸಿ ಸೀಗೆಪುಡಿ ತಿಕ್ಕಿದೆ. ತಲೆಯಲ್ಲಿ ಕೂದಲೇ ಎಷ್ಟು ಕಡಿಮೆಯಾಗಿದೆ! ಒಂದೊಂದೇ ತಂಬಿಗೆ ಎತ್ತಿ ಹೊಯ್ದೆ. ಅವರು ಕಣ್ಣು ಮುಚ್ಚಿಕೊಂಡು, ಬೆನ್ನು ಬಾಗಿಸಿಕೊಂಡು ಹೊಯ್ಯಿಸಿಕೊಂಡರು. ಬಕೆಟ್ ಖಾಲಿಯಾಯಿತು, ಮತ್ತೆ ತುಂಬಿದೆ. ಅದೂ ಖಾಲಿಯಾಯಿತು.

"ಹಂಡೆ ನೀರಿನ ಥರಾನೇ ಇದೆ ಕಣೇ," ಎಂದರು ಕೊನೆಗೆ. "ಹೊಗೆ ಒಂದಿಲ್ಲ ಅಷ್ಟೇ."

"ಚೆನ್ನಾಗಿದೆಯಾ ಅಕ್ಕಾ?"

"ಚೆನ್ನಾಗಿದೆ. ಐದೂವರೆಯಿಂದ ಚೆನ್ನಾಗೇ ಇತ್ತು."

ಹೊಸ ಸೀರೆ ಉಟ್ಟು, ಕೂದಲಿಗೆ ಟವೆಲ್ ಸುತ್ತಿ, ಕೆನ್ನೆ ಕೆಂಪಗೆ ಮಾಡಿಕೊಂಡು ಅವರು ಹೊರಗೆ ಹೋದಾಗ ನನಗಾದ ಹೆಮ್ಮೆಯನ್ನು ಏನೆಂದು ಹೇಳಲಿ? ಆರಿಸುವ ಕೈ ನನ್ನದು ಎಂದರೆ ನನ್ನದೇ! ಮಾಡೆಲ್ಲಿನಲ್ಲಿ ದೋಷವೇ ಇರಲಿಲ್ಲ. ಬಾಗಿಲು ಹಾಕಿ, ಬಕೆಟ್ಟು ನಲ್ಲಿಯ ಕೆಳಗೆ ಸರಿಸಿ, ತಲೆ ಎತ್ತಿ ನೋಡಿದೆ. ಗೀಸರಿ‌ನ ಹಣೆಯಲ್ಲಿ ಇನ್ನೂ ಸ್ವಲ್ಪ ಕೆಂಪು ಉಳಿದಿತ್ತು.

ಈಗ ನಾನು ಮೋಸ ಹೋಗುವವಳೇ? ಸ್ಟೂಲು ಹತ್ತಿ ಒದ್ದೆ ಹೆಬ್ಬೆರಳಿನಿಂದ ಆ ಬೊಟ್ಟನ್ನು ಒರೆಸಿದೆ. ಹೋಗಲಿಲ್ಲ. ಟವೆಲಿನ ಅಂಚಿನಿಂದ ಉಜ್ಜಿದೆ. ಹೋಗಲಿಲ್ಲ. ಒಳ್ಳೆಯ ಕುಂಕುಮ, ಎಣ್ಣೆ ಹಾಕಿ ಕಲೆಸಿದ್ದು, ಕಚ್ಚಿಕೊಂಡಿದೆ ಎಂದು ಮೆಚ್ಚಿಕೊಂಡು ಕೆಳಗಿಳಿದು ನಲ್ಲಿ ತಿರುಗಿಸಿದೆ. ತಣ್ಣಗಿತ್ತು. ಪೈಪಿನ ನೀರು ಮೊದಲು ತಣ್ಣಗೇ ಬರುತ್ತದೆ, ಈಗ ನನಗದು ಗೊತ್ತು! ಅಂಥ ಅನುಭವಸ್ಥೆ ಬಕೆಟ್ಟನ್ನು ಪೂರ್ತಿ ತುಂಬಲು ಬಿಟ್ಟು, ಕೈಯಿಟ್ಟು ನೋಡುವ ಅವಮಾನವನ್ನು ಗೀಸರಿಗೆ ಮಾಡದೆ, ಕಣ್ಣು ಮುಚ್ಚಿ, ಮೊದಲ ತಂಬಿಗೆಯನ್ನು ನೆತ್ತಿಯ ಮೇಲೆ ಹೊಯ್ದುಕೊಂಡಳು.

"ಅಯ್ಯಯ್ಯಯ್ಯಪ್ಪಾ! ಸತ್ತೇ! ಅಮ್ಮಾ!"

ಅದು ಲೈಟೇ ಆಗಿತ್ತು.

ಹೊರಗಿನಿಂದ ಸರಸಕ್ಕನ ಧ್ವನಿ ಕೇಳಿಸಿತು. "ಯಾಕೇ ಕಾನ್ವೆಂಟು, ಇವತ್ತು ಗುಡ್‌ನೆಸ್ಸು ಇಲ್ವಾ?"

ಇರಲಿಲ್ಲ. ಅಷ್ಟು ತಣ್ಣೀರಿಗೆ ಹನ್ನೊಂದು ವರ್ಷದ ಇಂಗ್ಲಿಷ್ ಸೀಗೆಪುಡಿಯ ಜೊತೆಗೇ ತೊಳೆದುಹೋಗಿತ್ತು. ಕೆಂಪು ಮಾತ್ರ, ನಾನು ಉಜ್ಜಿದ್ದಕ್ಕೋ ಏನೋ, ಮೊದಲಿಗಿಂತ ಚೆನ್ನಾಗಿ ಹೊಳೆಯುತ್ತಿತ್ತು.